ಕೈಗೆ ಬಾರದ ದುಡ್ಡು: ದುಡಿಮೆಯ ಮೊದಲ ವರ್ಷಗಳ ಉಳಿತಾಯ

(ಹೈದರಾಬಾದಿನ ನಾಚಾರಂನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ದತ್ತಿ ಉಪನ್ಯಾಸಕ್ಕೆ ಸಾಮಾನ್ಯವಾಗಿ ಸಾಹಿತ್ಯವೋ ಶಾಸನವೋ ವಚನವೋ ವಿಷಯವಾಗುತ್ತದೆ. ಈ ಸಲ ದುಡ್ಡಿನ ವಿಷಯ ಆಗಲಿ ಎಂದವರು ದತ್ತಿ ಇಟ್ಟ ಮನೆಯವರೇ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಬಂದು ಇಲ್ಲಿ ದುಡಿಯಲು ತೊಡಗಿದ ಮಕ್ಕಳಿಗೆ ಸಂಬಳದ ಲೆಕ್ಕವನ್ನು ಯಾರಾದರೂ ಕನ್ನಡದಲ್ಲಿ ಬಿಡಿಸಿ ಹೇಳಲಿ ಎಂಬುದು ಅವರ ಆಸೆ. ನಾಚಾರಂ ಕೈಗಾರಿಕಾ ಪ್ರದೇಶದಲ್ಲಿ ಔಷಧ, ಸಿದ್ಧ ಉಡುಪು, ಯಂತ್ರದ ಬಿಡಿಭಾಗಗಳ ಕಾರ್ಖಾನೆಗಳ ವೇತನ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಅಲ್ಲಿ ಕುಳಿತು ಕಂಡದ್ದನ್ನೇ ಹೇಳುತ್ತೇನೆ.

ಸಂಬಳದ ಚೀಟಿಯಲ್ಲಿ ಎಡಗಡೆ ಗಳಿಕೆ, ಬಲಗಡೆ ಕಡಿತ. ಹೊಸಬರ ಕಣ್ಣು ನೇರವಾಗಿ ಕೊನೆಯ ಸಾಲಿಗೆ, ಕೈಗೆ ಬರುವ ಮೊತ್ತಕ್ಕೆ ಹೋಗುತ್ತದೆ. ಬಲಗಡೆಯದು ಕಟ್ ಆದ ದುಡ್ಡು, ಹೋದ ದುಡ್ಡು ಎಂದೇ ಹೆಚ್ಚಿನವರ ಎಣಿಕೆ. ನನ್ನ ಇಡೀ ಮಾತು ಆ ಬಲಗಡೆಯ ಒಂದು ಸಾಲಿನ ಬಗ್ಗೆ. ಅದು ಪಿ.ಎಫ್., ಅಂದರೆ ಭವಿಷ್ಯ ನಿಧಿ. 1952ರ ಕಾಯ್ದೆಯಿಂದ ಬಂದದ್ದು. ಷೇರು, ಮ್ಯೂಚುಯಲ್ ಫಂಡ್, ಚಿನ್ನ, ಪ್ಲಾಟು ಎಂದು ಇಪ್ಪತ್ತೈದರ ಹರೆಯದವರು ಎಷ್ಟೋ ಹುಡುಕುತ್ತಾರೆ. ಅವರ ಮೊದಲ ಮತ್ತು ಬಹುಪಾಲು ಜನರ ಮಟ್ಟಿಗೆ ಅತಿ ದೊಡ್ಡ ಹೂಡಿಕೆ ಕೇಳದೆಯೇ ಶುರುವಾಗಿರುತ್ತದೆ. ಅದನ್ನು ಮುರಿಯದೆ ಉಳಿಸಿಕೊಂಡರೆ ಅರ್ಧ ಕೆಲಸ ಆದಂತೆ.

ಲೆಕ್ಕ ನೋಡೋಣ. ಮೂಲ ವೇತನ, ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ನಿಮ್ಮಿಂದ ಶೇ. 12, ಅಂದರೆ 1,800 ರೂಪಾಯಿ ಕಡಿತವಾಗುತ್ತದೆ. ಮಾಲೀಕರೂ ಅಷ್ಟೇ ಹಾಕಬೇಕು. ಅವರ 1,800ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗಿ, ಉಳಿದ 550 ನಿಮ್ಮ ಪಿ.ಎಫ್. ಖಾತೆಗೆ ಸೇರುತ್ತದೆ. ಹೀಗೆ ಖಾತೆಗೆ ಬೀಳುವುದು ತಿಂಗಳಿಗೆ 2,350. ಬಡ್ಡಿ 2023-24ರಲ್ಲೂ 2024-25ರಲ್ಲೂ ಶೇ. 8.25 ಇತ್ತು. ಇದು ಮೇಲೆ ಕೆಳಗೆ ಆಗುವ ದರ. 1990ರ ದಶಕದಲ್ಲಿ ಶೇ. 12 ಇತ್ತು, 2021-22ರಲ್ಲಿ 8.1ಕ್ಕೆ ಇಳಿದಿತ್ತು. ಲೆಕ್ಕಕ್ಕಾಗಿ 8.25 ಎಂದೇ ಹಿಡಿಯೋಣ, ಸಂಬಳವೂ ಏರಲಿಲ್ಲ ಎಂದುಕೊಳ್ಳೋಣ. 23ನೇ ವಯಸ್ಸಿಗೆ ಸೇರಿದವರ ಖಾತೆಯಲ್ಲಿ 58ಕ್ಕೆ ಸುಮಾರು 53 ಲಕ್ಷ ಇರುತ್ತದೆ. ಅದಕ್ಕೆ ಹಾಕಿದ ದುಡ್ಡು 10 ಲಕ್ಷಕ್ಕೂ ಒಂದಿಷ್ಟು ಕಡಿಮೆ. ಉಳಿದದ್ದೆಲ್ಲ ಬಡ್ಡಿ, ಬಡ್ಡಿಯ ಮೇಲಿನ ಬಡ್ಡಿ.

ಈಗ ಅದೇ ಲೆಕ್ಕದ ಮೊದಲ ಐದು ವರ್ಷವನ್ನಷ್ಟೇ ಬಿಡಿಸಿ ನೋಡಿ. 28ನೇ ವಯಸ್ಸಿಗೆ ಖಾತೆಯಲ್ಲಿ ಸುಮಾರು 1 ಲಕ್ಷ 72 ಸಾವಿರ ಇರುತ್ತದೆ. ಆ ಹೊತ್ತಿಗೆ ಹುಡುಗ ಮಲ್ಲಾಪುರದ ಕಾರ್ಖಾನೆ ಬಿಟ್ಟು ಚೆರ್ಲಪಲ್ಲಿಯ ಕಾರ್ಖಾನೆಗೆ ಹೋಗುತ್ತಾನೆ. ಹಳೆಯ ಪಿ.ಎಫ್. ತೆಗೆಸಿ ಬೈಕೋ ಫೋನೋ ಕೊಳ್ಳುತ್ತಾನೆ, ಇಲ್ಲವೇ ಅಕ್ಕನ ಮದುವೆಗೆ ಕೊಡುತ್ತಾನೆ. ತೆಗೆಯದೆ ಹೊಸ ಖಾತೆಗೆ ವರ್ಗಾಯಿಸಿದ್ದರೆ, ಮುಂದೆ ಒಂದು ಪೈಸೆ ಸೇರಿಸದಿದ್ದರೂ ಆ 1.72 ಲಕ್ಷವೇ 58ಕ್ಕೆ ಹದಿನೆಂಟೂವರೆ ಲಕ್ಷ ಆಗುತ್ತಿತ್ತು. 35 ವರ್ಷದ ಒಟ್ಟು ಗಂಟಿನಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಪಾಲು ಮೊದಲ ಐದೇ ವರ್ಷದ್ದು. ಮನೆಗೆ ಹೋಗಿ ನೀವೇ ಕಾಗದದ ಮೇಲೆ ಮಾಡಿ ನೋಡಿ. ಇದನ್ನು ಹೇಳಿದಾಗ ನಂಬಿದವರನ್ನು ನಾನು ಕಂಡದ್ದು ಕಡಿಮೆ, ಮಾಡಿ ನೋಡಿ ನಂಬಿದವರು ಬಹಳ.

ಕೆಲಸ ಬಿಟ್ಟ ಹುಡುಗರು ಫಾರಂ 19, ಫಾರಂ 10ಸಿ ಹಿಡಿದು ಬರುತ್ತಿದ್ದರು. ಮೊದಲನೆಯದು ಪಿ.ಎಫ್. ಪೂರ್ತಿ ತೆಗೆಸಲು, ಎರಡನೆಯದು ಪಿಂಚಣಿ ಭಾಗ ತೆಗೆಸಲು. ವರ್ಗಾವಣೆಯ ಫಾರಂ 13 ಕೇಳಿ ಬಂದವರು ವಿರಳ. ಕಲಬುರಗಿ ಕಡೆಯ ಹುಡುಗನೊಬ್ಬ ಕೇಳಿದ್ದ: “ಸರ್, ಇದು ನನ್ನ ರೊಕ್ಕಾನೇ ಅಲ್ರೀ? ನನ್ನ ರೊಕ್ಕ ನಾ ತಗೊಂಡ್ರ ತಪ್ಪೇನ್ರೀ?” ತಪ್ಪಲ್ಲಪ್ಪ, ನಿನ್ನದೇ ರೊಕ್ಕ. ಆದರೆ 28ರ ನೀನು ತೆಗೆಯುತ್ತಿರುವುದು 58ರ ನಿನ್ನ ಕೈಯಿಂದ, ಅವನು ಇಲ್ಲಿ ಬಂದು ಬೇಡ ಎನ್ನಲಾರ. ಅಂದು ಅವನಿಗೆ ಹೇಳಿದ್ದು ಇದನ್ನೇ, ಇಂದು ನಿಮಗೂ ಹೇಳುತ್ತಿರುವುದು ಇದನ್ನೇ.

ಈ ಉಪನ್ಯಾಸವೇ ನೋಡಿ. ದತ್ತಿ ಇಟ್ಟವರು ಕೊಟ್ಟ ಮೂಲಧನ ಬ್ಯಾಂಕಿನಲ್ಲಿದೆ. ವರ್ಷ ವರ್ಷ ಅದರ ಬಡ್ಡಿಯಲ್ಲಿ ಸಭೆ ನಡೆಯುತ್ತದೆ, ಮೂಲಧನಕ್ಕೆ ಯಾರೂ ಕೈ ಹಾಕುವಂತಿಲ್ಲ. ಯಾವುದೋ ಒಂದು ವರ್ಷ ಪೆಂಡಾಲಿಗೆ ದುಡ್ಡು ಸಾಲದೆಂದು ಮೂಲಧನ ತೆಗೆದಿದ್ದರೆ ಇಂದು ನಾವು ಇಲ್ಲಿ ಕೂರುತ್ತಿರಲಿಲ್ಲ. ದುಡಿಮೆಯ ಮೊದಲ ವರ್ಷಗಳ ಪಿ.ಎಫ್. ನಿಮ್ಮ ಮುಪ್ಪಿಗೆ ನೀವೇ ಇಟ್ಟ ದತ್ತಿ.

ತೆಗೆಸಿದರೆ ಇನ್ನೂ ಎರಡು ನಷ್ಟಗಳಿವೆ, ಹುಡುಗರ ಕಣ್ಣಿಗೆ ಅವು ಬೀಳುವುದಿಲ್ಲ. ಐದು ವರ್ಷದ ಸತತ ಸೇವೆ ಆಗುವ ಮೊದಲೇ ತೆಗೆದರೆ ಆ ಹಣ ತೆರಿಗೆಗೆ ಒಳಪಡುತ್ತದೆ. ವರ್ಗಾಯಿಸಿದರೆ ಹಳೆಯ ಕಾರ್ಖಾನೆಯ ವರ್ಷಗಳೂ ಸೇವೆಗೆ ಸೇರುತ್ತವೆ. ಇನ್ನು ಪಿಂಚಣಿ. 1995ರ ಯೋಜನೆಯಲ್ಲಿ ತಿಂಗಳ ಪಿಂಚಣಿ ಸಿಗಬೇಕಾದರೆ 10 ವರ್ಷದ ಸೇವೆ ಬೇಕು. ಮೂರು ವರ್ಷ ಇಲ್ಲಿ, ನಾಲ್ಕು ವರ್ಷ ಅಲ್ಲಿ ಎಂದು ದುಡಿದು ಪ್ರತಿ ಸಲವೂ 10ಸಿ ತುಂಬಿದವರು ಇಪ್ಪತ್ತು ವರ್ಷ ದುಡಿದರೂ ಆ ಹತ್ತನ್ನು ಮುಟ್ಟದೆ ಹೋಗಬಹುದು. ಪಿಂಚಣಿಯ ಸೂತ್ರ ಸರಳ: ಪಿಂಚಣಿಗೆ ಹಿಡಿಯುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 15,000 ವೇತನ, 35 ವರ್ಷ ಸೇವೆ ಎಂದರೆ ತಿಂಗಳಿಗೆ 7,500. ದೊಡ್ಡ ಮೊತ್ತವಲ್ಲ, ಒಪ್ಪುತ್ತೇನೆ. ಆದರೆ ಸಾಯುವ ತನಕ ಬರುವಂಥದ್ದು, ನಂತರ ಹೆಂಡತಿಗೋ ಗಂಡನಿಗೋ ಅರ್ಧ ಬರುವಂಥದ್ದು. 2025ರ ಅಕ್ಟೋಬರ್ 13ರಂದು ಭವಿಷ್ಯ ನಿಧಿಯ ಕೇಂದ್ರ ಟ್ರಸ್ಟಿಗಳ ಮಂಡಳಿ ಒಂದು ತೀರ್ಮಾನ ಮಾಡಿತು. ಕೆಲಸ ಬಿಟ್ಟ 2 ತಿಂಗಳಿಗೆ ಪೂರ್ತಿ ಪಿ.ಎಫ್. ತೆಗೆಯಬಹುದಾಗಿದ್ದನ್ನು 12 ತಿಂಗಳಿಗೂ, ಪಿಂಚಣಿ ಭಾಗವನ್ನು 36 ತಿಂಗಳಿಗೂ ಏರಿಸುವುದು ಅದರ ಸಾರ. ಬಹಳ ಜನ ಸಿಟ್ಟಾದರು. ಕೆಲಸವಿಲ್ಲದೆ ಕೂತವರ ಕಷ್ಟ ನನಗೂ ಗೊತ್ತು. ಆದರೂ ಪಿಂಚಣಿ ಭಾಗವನ್ನು ಮುರಿಯುವುದಕ್ಕೆ ತಡೆ ಒಡ್ಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ವರ್ಗಾವಣೆ ಯಾಕೆ ಆಗುವುದಿಲ್ಲ? ಸೋಮಾರಿತನ ಎಂದು ಬೈಯುವುದು ಸುಲಭ. ಕಾರಣ ಬಹಳ ಸಲ ಹೆಸರಿನಲ್ಲಿದೆ. ನಮ್ಮ ಕಡೆ ಹೆಸರಿನ ಜತೆ ಊರಿನದೋ ಅಪ್ಪನದೋ ಒಂದಕ್ಷರ ಹಾಕುತ್ತೇವೆ. ಇಲ್ಲಿಯವರು ಮನೆತನದ ಹೆಸರನ್ನು ಮೊದಲಿಗೆ ಬರೆಯುತ್ತಾರೆ. ಶಾಲೆಯ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಗುತ್ತಿಗೆದಾರರ ಗುಮಾಸ್ತ ಅವಸರದಲ್ಲಿ ಬರೆದದ್ದು ಇನ್ನೊಂದು. ಹುಟ್ಟಿದ ತಾರೀಖು ಜೂನ್ 1 ಎಂದು ಶಾಲೆಯಲ್ಲಿ ಬರೆಸಿದ್ದು, ಆಧಾರ್‌ನಲ್ಲಿ ಬೇರೆ. ಕ್ಲೇಮ್ ರಿಜೆಕ್ಟ್ ಎಂದು ಸಂದೇಶ ಬಂತೆಂದರೆ ಹುಡುಗ ಕೈ ಚೆಲ್ಲುತ್ತಾನೆ. ಗುತ್ತಿಗೆ ಕೆಲಸದವರ ಪಾಡು ಇನ್ನೂ ಕಷ್ಟ. ಗೇಟು ಅದೇ, ಯಂತ್ರ ಅದೇ, ಗುತ್ತಿಗೆದಾರ ಮಾತ್ರ ಬದಲಾಗುತ್ತಾನೆ, ಪ್ರತಿ ಬದಲಾವಣೆಗೂ ಹೊಸದೊಂದು ಸದಸ್ಯ ಸಂಖ್ಯೆ. 2014ರಿಂದ 12 ಅಂಕಿಯ ಸಾರ್ವತ್ರಿಕ ಖಾತೆ ಸಂಖ್ಯೆ, ಅಂದರೆ ಯು.ಎ.ಎನ್. ಬಂದಿದೆ. ಬದುಕಿಗೆಲ್ಲ ಅದೊಂದೇ ಸಂಖ್ಯೆ ಇರಬೇಕು. ಹೊಸ ಕೆಲಸಕ್ಕೆ ಸೇರುವ ದಿನ “ನನಗೆ ಯು.ಎ.ಎನ್. ಇದೆ, ಇದೇ ಸಂಖ್ಯೆ ಹಾಕಿ” ಎಂದು ಬಾಯಿ ಬಿಟ್ಟು ಹೇಳಿ, ಬರೆದೂ ಕೊಡಿ. ಹೆಸರಿನ ತಿದ್ದುಪಡಿಯನ್ನು ಕೆಲಸದಲ್ಲಿರುವಾಗಲೇ ಮಾಡಿಸಿ. ಕೆಲಸ ಬಿಟ್ಟ ಮೇಲೆ ಸಹಿ ಹಾಕಲು ಯಾರೂ ಸಿಗುವುದಿಲ್ಲ. ತೊಡಕಾದರೆ ಬರ್ಕತ್‌ಪುರದ ಭವಿಷ್ಯ ನಿಧಿ ಕಚೇರಿಗೆ ಹೋಗಿ. ಕಾಚಿಗೂಡಕ್ಕೆ, ನಮ್ಮ ಕರ್ನಾಟಕ ಸಾಹಿತ್ಯ ಮಂದಿರದ ಕಡೆಗೆ ಬರುವವರಿಗೆ ಅದು ಹತ್ತಿರವೇ.

ಖರ್ಚಿಗೆ ಮೊದಲೇ ದುಡ್ಡು ಬದಿಗೆ ಸರಿಯಬೇಕು ಎಂಬ ಈ ಉಪಾಯ ಕನ್ನಡ ನಾಡಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಅವರ ಮೊದಲ ಯೋಚನೆಗಳಲ್ಲಿ ಒಂದು. 1928ರಲ್ಲಿ ಪಿಗ್ಮಿ ಠೇವಣಿ ಶುರುವಾಯಿತು. ಏಜೆಂಟರು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆ ಇದ್ದರೂ ಸರಿ, ಬರೆದುಕೊಂಡು ಒಯ್ಯುತ್ತಿದ್ದರು. ಎರಡಾಣೆಗೆ ಬ್ಯಾಂಕು ಬಾಗಿಲು ತೆರೆಯುವುದು ಅಂದಿನ ಕಾಲಕ್ಕೆ ಸಣ್ಣ ಮಾತಲ್ಲ. ಆ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಪಿಗ್ಮಿ ಶುರುವಾದ ಕಾಲಕ್ಕೆ ನಮ್ಮ ಬೀದರ್, ಗುಲ್ಬರ್ಗ, ರಾಯಚೂರು ನಿಜಾಮರ ಆಳ್ವಿಕೆಯಲ್ಲಿದ್ದವು. ಕೈಯಲ್ಲಿ ಓಡಾಡುತ್ತಿದ್ದದ್ದು ನಿಜಾಮರ ನಾಣ್ಯ, ಹಾಲಿ ಸಿಕ್ಕಾ. ಹೈದರಾಬಾದ್ ಸ್ಟೇಟ್ ಬ್ಯಾಂಕ್ ಸ್ಥಾಪನೆಯಾದದ್ದು 1941ರಲ್ಲಿ, ಉಡುಪಿಯ ಪಿಗ್ಮಿ ಶುರುವಾಗಿ 13 ವರ್ಷ ಕಳೆದ ಮೇಲೆ. ನಮ್ಮ ಕಡೆಯ ಹಿರಿಯರು ಬಂಗಾರವನ್ನೂ ಹೊಲವನ್ನೂ ನಂಬಿದ್ದಕ್ಕೆ ಇದೂ ಒಂದು ಕಾರಣ ಇರಬೇಕು ಎನಿಸುತ್ತದೆ. ಪಿಗ್ಮಿ ಏಜೆಂಟರು ಬಾಗಿಲಿಗೆ ಬಂದು ಮಾಡುತ್ತಿದ್ದ ಕೆಲಸವನ್ನು ಇಂದು ನಿಮ್ಮ ಸಂಬಳದ ಚೀಟಿಯ ಬಲಗಡೆಯ ಸಾಲು ಮಾಡುತ್ತಿದೆ, ಜತೆಗೆ ಮಾಲೀಕರ ಪಾಲನ್ನೂ ತರುತ್ತಿದೆ.

ಪಿ.ಎಫ್. ಮುರಿಯುವವರಲ್ಲಿ ಎಲ್ಲರೂ ಬೈಕಿಗಾಗಿ ಮುರಿಯುವುದಿಲ್ಲ. ಅವ್ವನಿಗೆ ಆಸ್ಪತ್ರೆ, ಎರಡು ತಿಂಗಳು ಸಂಬಳ ಇಲ್ಲ, ರೂಮಿನ ಬಾಡಿಗೆ ಬಾಕಿ. ಹಾಗಾಗಿ ಪಿ.ಎಫ್. ಉಳಿಯಬೇಕಾದರೆ ಅದರ ಮುಂದೆ ಕಾವಲಿಗೆ ಇನ್ನೊಂದು ದುಡ್ಡು ನಿಲ್ಲಬೇಕು. ಮೂರು ತಿಂಗಳ ಖರ್ಚಿನಷ್ಟು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಲಿ. ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಇದಕ್ಕೆ ಮಾತ್ರ ಉಳಿಸಿ, ಬೇರೆ ಯಾವ ಹೂಡಿಕೆಯನ್ನೂ ಯೋಚಿಸಬೇಡಿ. ಸಂಬಳ ಬಂದ ಮರುದಿನವೇ ಆವರ್ತ ಠೇವಣಿಗೆ (ಆರ್.ಡಿ.) ತಾನಾಗಿ ಹೋಗುವಂತೆ ಬರೆದುಕೊಟ್ಟರೆ ಸಾಕು. ಇನ್ನು ಕಾಯಿಲೆಯ ವಿಷಯ. ತಿಂಗಳ ವೇತನ 21,000 ರೂಪಾಯಿಯೊಳಗೆ ಇದ್ದರೆ ನಿಮಗೆ ಇ.ಎಸ್.ಐ., ಅಂದರೆ ನೌಕರರ ರಾಜ್ಯ ವಿಮೆ ಇದೆ, ನಿಮ್ಮಿಂದ ಶೇ. 0.75, ಮಾಲೀಕರಿಂದ 3.25. ಆಸ್ಪತ್ರೆ ಇಲ್ಲೇ ನಾಚಾರಂನಲ್ಲಿದೆ. ನಿಮ್ಮನ್ನೇ ನಂಬಿದ ತಂದೆ ತಾಯಿಗೂ ಚಿಕಿತ್ಸೆ ಸಿಗುತ್ತದೆ. ಕಾಯಿಲೆಯಿಂದ ಕೆಲಸಕ್ಕೆ ಬರಲಾಗದಿದ್ದರೆ, ಷರತ್ತು ಪೂರೈಸಿದ್ದರೆ, ವರ್ಷಕ್ಕೆ 91 ದಿನದವರೆಗೆ ವೇತನದ ಶೇ. 70 ಕೊಡುತ್ತಾರೆ. ಇದು ಗೊತ್ತಿಲ್ಲದೆ ಹೊರಗೆ ಸಾಲ ಮಾಡಿದವರನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಸಾಲದ ಆ್ಯಪ್‌ಗಳ ಬಗ್ಗೆ ಈ ಊರಿನಲ್ಲಿ ಹೆಚ್ಚು ಹೇಳಬೇಕಾಗಿಲ್ಲ. 2020ರ ಡಿಸೆಂಬರ್‌ನಲ್ಲಿ ತೆಲಂಗಾಣದಲ್ಲಿ ಆದ ಆತ್ಮಹತ್ಯೆಗಳ ನಂತರ ಹೈದರಾಬಾದಿನ ಪೊಲೀಸರು ಮಾಡಿದ ಬಂಧನಗಳು ದೇಶದಲ್ಲೆಲ್ಲ ಸುದ್ದಿಯಾದವು. ಫೋನಿನಲ್ಲಿ ಐದು ನಿಮಿಷಕ್ಕೆ ಸಿಗುವ ಸಾಲಕ್ಕಿಂತ ಪಿ.ಎಫ್.ನಿಂದ ಮುಂಗಡ ಪಡೆಯುವುದು ಮೇಲು. ಇಷ್ಟು ಹೊತ್ತು ಮುರಿಯಬೇಡಿ ಎಂದ ನಾನೇ ಇದನ್ನು ಹೇಳುತ್ತಿದ್ದೇನೆ. ಜೀವಕ್ಕಿಂತ ಯಾವ ಗಂಟೂ ದೊಡ್ಡದಲ್ಲ.

ಪಿ.ಎಫ್. ಒಂದೇ ಸಾಕೇ? ಸಾಲದು. ಆ 53 ಲಕ್ಷ 35 ವರ್ಷದ ನಂತರದ್ದು. ಬೆಲೆಗಳು ವರ್ಷಕ್ಕೆ ಶೇ. 5ರಂತೆ ಏರಿದರೆ ಅದು ಇಂದಿನ ಒಂಬತ್ತೂವರೆ ಲಕ್ಷಕ್ಕಿಂತ ತುಸು ಹೆಚ್ಚು, ಅಷ್ಟೇ. ಸಂಬಳದ ಜತೆ ಕಡಿತವೂ ಏರುವುದರಿಂದ ನಿಜದಲ್ಲಿ ಇದಕ್ಕಿಂತ ಉತ್ತಮವಾಗಿರುತ್ತದೆ. ಆದರೂ ವಯಸ್ಸಿರುವಾಗ ಒಂದು ಪಾಲು ಷೇರು ಮಾರುಕಟ್ಟೆಯಲ್ಲಿ ಇರಬೇಕು. ದೊಡ್ಡ ಕಂಪನಿಗಳನ್ನು ಒಟ್ಟಾಗಿ ಹಿಡಿಯುವ ಸೂಚ್ಯಂಕ ಫಂಡಿನಲ್ಲಿ ತಿಂಗಳಿಗೆ 500 ರೂಪಾಯಿಯ ಕಂತು (ಎಸ್.ಐ.ಪಿ.) ಸಾಕು, ಸಂಬಳ ಏರಿದಂತೆ ಏರಿಸಿ. 2013ರ ಜನವರಿಯಿಂದ ಕಮಿಷನ್ ಇಲ್ಲದ ನೇರ ಯೋಜನೆಗಳಿವೆ, ಅವನ್ನೇ ಆರಿಸಿ. ಮಾರುಕಟ್ಟೆ ಬೀಳುವುದಕ್ಕೆ ಮನಸ್ಸು ಸಿದ್ಧವಿರಲಿ. 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರ್‌ನಲ್ಲಿ 8,000ದ ಕೆಳಗೆ ಇಳಿದಿತ್ತು. 2024ರ ಸೆಪ್ಟೆಂಬರ್‌ನಲ್ಲಿ 85,000 ದಾಟಿತು. ಹತ್ತು ವರ್ಷ ಮುಟ್ಟದೆ ಇರಬಲ್ಲ ದುಡ್ಡಿಗೆ ಮಾತ್ರ ಅಲ್ಲಿ ಜಾಗ.

ಅದೇ ಮಾರುಕಟ್ಟೆಯ ಹೆಸರಿನಲ್ಲಿ ಹುಡುಗರು ಈಗ ಹೆಚ್ಚಾಗಿ ಮಾಡುತ್ತಿರುವುದು ಬೇರೆ. ಊಟದ ವಿರಾಮದಲ್ಲಿ ಫೋನ್ ಹಿಡಿದು ಆಪ್ಷನ್ ಟ್ರೇಡಿಂಗ್. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್, ಆಪ್ಷನ್ ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಹೊಂದಿದರು. ಸರಾಸರಿ ನಷ್ಟ ಸುಮಾರು 2 ಲಕ್ಷ. ಮೂವತ್ತರೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ. 31ರಿಂದ 43ಕ್ಕೆ ಏರಿತು. ನಾನು ಹೇಳಿದ ಐದು ವರ್ಷದ ಪಿ.ಎಫ್. 1.72 ಲಕ್ಷ, ಈ ಸರಾಸರಿ ನಷ್ಟ 2 ಲಕ್ಷ. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಿ. ಇದನ್ನು ಹೂಡಿಕೆ ಎಂದು ಕರೆಯುವುದಕ್ಕೇ ನನ್ನ ವಿರೋಧವಿದೆ.

ನೀವು ದುಡಿಯುವ ಕಂಪನಿಯ ಷೇರಿನಲ್ಲೇ ಉಳಿತಾಯವನ್ನೆಲ್ಲ ಇಡಬೇಡಿ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್‌ನ ಲೆಕ್ಕದ ಮೋಸವನ್ನು ಅದರ ಅಧ್ಯಕ್ಷರೇ ಪತ್ರ ಬರೆದು ಒಪ್ಪಿಕೊಂಡ ದಿನ, ಷೇರಿನ ಬೆಲೆಯಲ್ಲಿ ನಾಲ್ಕನೆಯ ಮೂರು ಪಾಲಿಗಿಂತ ಹೆಚ್ಚು ಕರಗಿತು. ಅಲ್ಲಿನ ನೌಕರರಿಗೆ ಕೆಲಸದ ಭಯ, ಉಳಿತಾಯದ ಭಯ ಒಂದೇ ಬೆಳಿಗ್ಗೆ ಬಂದವು.

ಹರಾಜಿನ ಚೀಟಿಯ ಬಗ್ಗೆ ಕೇಳದೆ ನೀವು ನನ್ನನ್ನು ಬಿಡುವುದಿಲ್ಲ, ಇಲ್ಲಿ ಚಿಟ್ಟಿ ಇಲ್ಲದ ಗಲ್ಲಿ ಇಲ್ಲ. 20 ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ಯಾರೋ 30,000 ಬಿಟ್ಟುಕೊಡುತ್ತೇನೆಂದು ಕೂಗಿದರೆ ಅವರಿಗೆ 70,000 ಸಿಗುತ್ತದೆ. ನಡೆಸುವವರ ಕಮಿಷನ್ 5,000 ಕಳೆದು ಉಳಿದ 25,000ವನ್ನು ಹಂಚಿದರೆ ಒಬ್ಬರಿಗೆ 1,250. ಕೊನೆಯವರೆಗೆ ಕಾಯುವವರಿಗೆ ಇದು ಉಳಿತಾಯ, ಮೊದಲೇ ಎತ್ತುವವರಿಗೆ ದುಬಾರಿ ಸಾಲ. 1982ರ ಕಾಯ್ದೆಯಡಿ ನೋಂದಣಿಯಾದ ಚೀಟಿಯಾದರೆ ಹಾಕಬಹುದು. ಪಕ್ಕದ ಮನೆಯ ಅಕ್ಕ ಪುಸ್ತಕದಲ್ಲಿ ಬರೆದುಕೊಂಡು ನಡೆಸುವ ಚೀಟಿ ಮುಳುಗಿದರೆ ದೂರು ಕೊಡಲು ಕೈಯಲ್ಲಿ ಕಾಗದ ಇರುವುದಿಲ್ಲ. ಮಾರ್ಚ್ ತಿಂಗಳಲ್ಲಿ ತೆರಿಗೆ ಉಳಿಯುತ್ತದೆಂದು ಮಾರುವ ಹಣ ವಾಪಸಿನ ವಿಮೆ ಪಾಲಿಸಿಗಳೂ ಬೇಡ. ಹೊಸ ತೆರಿಗೆ ಪದ್ಧತಿಯಲ್ಲಿ ಆ ವಿನಾಯಿತಿಯೇ ಇಲ್ಲ, 2025-26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೂ ಬೀಳುವುದಿಲ್ಲ. ನಿಮ್ಮನ್ನು ನಂಬಿದವರಿದ್ದರೆ ಸಾದಾ ಅವಧಿ ವಿಮೆ ಸಾಕು.

ಪಿ.ಎಫ್. ಇಲ್ಲದ ಕೆಲಸಗಳಲ್ಲಿ ಇರುವವರೂ ಈ ಸಭೆಯಲ್ಲಿದ್ದೀರಿ, ಅಂಗಡಿಯಲ್ಲಿ, ಆಟೋದಲ್ಲಿ, ಮನೆಗೆಲಸದಲ್ಲಿ. ಆದಾಯ ತೆರಿಗೆ ಕಟ್ಟದವರಿಗೆ ಅಟಲ್ ಪಿಂಚಣಿ ಯೋಜನೆ ಇದೆ, 2015ರಲ್ಲಿ ಬಂದದ್ದು. 60ರ ನಂತರ ತಿಂಗಳಿಗೆ 5,000 ಪಿಂಚಣಿ ಬೇಕಾದರೆ, 18ನೇ ವಯಸ್ಸಿಗೆ ಸೇರಿದವರು ತಿಂಗಳಿಗೆ 210 ರೂಪಾಯಿ ಕಟ್ಟಬೇಕು. 25ಕ್ಕೆ ಸೇರಿದರೆ 376, 30ಕ್ಕೆ 577, 40ಕ್ಕೆ 1,454. ಮೊದಲನೆಯವರು 42 ವರ್ಷ ಕಟ್ಟುವ ಒಟ್ಟು 1,05,840. ಕೊನೆಯವರು 20 ವರ್ಷದಲ್ಲಿ ಕಟ್ಟುವ ಒಟ್ಟು 3,48,960. ಪಿಂಚಣಿ ಇಬ್ಬರಿಗೂ ಒಂದೇ. ಬೇಗ ಶುರು ಮಾಡಿ ಎಂದು ಹಿರಿಯರು ಹೇಳುವ ಮಾತಿಗೆ ಸರ್ಕಾರವೇ ಅಚ್ಚು ಹಾಕಿಸಿದ ಲೆಕ್ಕ ಇದು.

ಸಭೆ ಮುಗಿದ ಮೇಲೆ ನಮ್ಮ ಕೆಲವು ಗೆಳೆಯರು ಬಾಗಿಲ ಬಳಿಯ ಮೇಜಿನಲ್ಲಿ ಕೂರುತ್ತಾರೆ. ನಿಮ್ಮ ಫೋನಿನಲ್ಲೇ ಪಿ.ಎಫ್. ಪಾಸ್‌ಬುಕ್ ತೆರೆದು ನೋಡಿ. ಮಾಲೀಕರ ಪಾಲು ಪ್ರತಿ ತಿಂಗಳೂ ಬಿದ್ದಿದೆಯೇ, ಹಳೆಯ ಕಾರ್ಖಾನೆಯ ದುಡ್ಡು ಹೊಸದಕ್ಕೆ ಬಂದಿದೆಯೇ, ನಾಮಿನಿ ಹೆಸರು ಹಾಕಿದೆಯೇ, ಈ ಮೂರನ್ನು ಖಚಿತ ಮಾಡಿಕೊಳ್ಳಿ. ಸದಸ್ಯರು ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ 7 ಲಕ್ಷದವರೆಗೆ ವಿಮೆ ಇದೆ, ನಾಮಿನಿ ಇಲ್ಲದೆ ಅದಕ್ಕಾಗಿ ಮುದಿ ತಂದೆ ತಾಯಿ ಕಚೇರಿ ಅಲೆಯುವಂತಾಗಬಾರದು. ಹೆಸರಿನ ತೊಡಕು ಇದ್ದರೆ ಬರೆಸಿ ಹೋಗಿ, ಅರ್ಜಿ ತುಂಬಲು ನಾವು ನೆರವಾಗುತ್ತೇವೆ. ಇದಕ್ಕೆ ಶುಲ್ಕ ಇಲ್ಲ. ದಯವಿಟ್ಟು ಇಂದೇ ಮಾಡಿ.